ಹಿತ್ತಾಳೆ ಬಿಲ್ಲೆ

ಸಂಜೆ ಆರಕ್ಕೆ ಕಿಟಕಿಯ ಜಾಲರಿ ಎತ್ತುತ್ತೇನೆ.
ಹೊರಗೆ ನೆಬ್ರಾಸ್ಕಾದ ಗಾಳಿ, ರೈಲು ಯಾರ್ಡಿನ ಕೀರಲು;
ಒಳಗೆ ಡೀಸೆಲ್ಲು, ಒದ್ದೆ ಉಣ್ಣೆ, ಸೀದ ಕಾಫಿ.
ಬಿಲ್ಲೆ ಕೊಟ್ಟರೆ ಸ್ಪ್ಯಾನರು, ಸ್ಪ್ಯಾನರು ಮರಳಿದರೆ ಬಿಲ್ಲೆ.
ಇಷ್ಟೇ ನನ್ನ ಶಾಸ್ತ್ರ, ಇಪ್ಪತ್ತಾರು ವರ್ಷದಿಂದ.

ತರಗತಿಯಲ್ಲಿ ಅವರಿಗೆ ಹೆಸರು, ನನ್ನಲ್ಲಿ ನಂಬರು.
ಆದರೂ ಜಾಲರಿಯೊಳಗೆ ಚಾಚಿದ ಕೈ ನೋಡಿದರೆ
ಎಲ್ಲಿಂದ ಬಂದರೆಂದು ಅರ್ಧ ತಿಳಿಯುತ್ತದೆ.
ಉಳಿದರ್ಧ ಕೇಳಬಾರದು. ತಾವಾಗಿ ಹೇಳಿದರೆ ಬೇರೆ ಮಾತು.

ಮೂವತ್ತೊಂದು, ವರ್ನಾ ಟೈಗನ್. ವಯಸ್ಸು ಐವತ್ತೆರಡು.
ಶಾಲೆಯ ಹಳದಿ ಬಸ್ಸಿಗೆ ಹದಿನೆಂಟು ವರ್ಷದ ಡ್ರೈವರು.
ಜನವರಿಯ ಒಂದು ಬೆಳಗ್ಗೆ, ಮೆಕ್ಕೆಜೋಳದ ಕೂಳೆಗಳ ನಡುವೆ,
ಬಸ್ಸು ಒಮ್ಮೆ ಕೆಮ್ಮಿ ನಿಂತುಬಿಟ್ಟಿತು.
ಹನ್ನೊಂದು ಮಕ್ಕಳು. ಸೊನ್ನೆಯಿಂದ ಇಪ್ಪತ್ತು ಕೆಳಗೆ.
ಬಾನೆಟ್ಟು ಎತ್ತಿ ನಿಂತೆ, ಅಂದಳು,
ಯಾರದೋ ಮನೆಯ ಬಾಗಿಲು ತೆರೆದು ನಿಂತ ಹಾಗೆ:
ಎಲ್ಲ ಕಾಣುತ್ತಿತ್ತು, ಒಂದೂ ಗೊತ್ತಿರಲಿಲ್ಲ.
ಟ್ರಕ್ಕು ಬರುವ ತನಕ ನಲವತ್ತು ನಿಮಿಷ
ಮಕ್ಕಳಿಂದ ಏಳರ ಮಗ್ಗಿ ಹೇಳಿಸಿದಳು, ಬಾಯಿ ಮರಗಟ್ಟದಂತೆ.
ಡೀಸೆಲ್ಲು ಕೊಬ್ಬಿನಂತೆ ಹೆಪ್ಪುಗಟ್ಟಿ ಫಿಲ್ಟರು ಮುಚ್ಚಿತ್ತು,
ಅಷ್ಟೇ ಕಣಮ್ಮ, ಎಂದು ಟ್ರಕ್ಕಿನವನು ನಕ್ಕನಂತೆ.
ಆ ನಗುವಿಗೆ ಅವಳು ಎರಡು ವರ್ಷದ ಫೀಸು ಕಟ್ಟಿದ್ದಾಳೆ.

ಒಂಬತ್ತು, ಯೋಹಾನ್ನೆಸ್. ಎರಿಟ್ರಿಯಾದವನು.
ಗಡಿಯಾಚೆ ಕಸ್ಸಲಾದಲ್ಲಿ ಹದಿನಾಲ್ಕು ವರ್ಷ ಲಾರಿ ಬಿಚ್ಚಿದ್ದಾನೆ.
ಸ್ಕ್ರೂಡ್ರೈವರಿನ ಹಿಡಿ ಕಿವಿಗೊತ್ತಿ
ಯಾವ ಬೇರಿಂಗು ನರಳುತ್ತಿದೆ ಎಂದು ಹೇಳಬಲ್ಲ.
ಇಲ್ಲಿ ಕಿವಿಗೆ ಸಂಬಳವಿಲ್ಲ, ಕಾಗದಕ್ಕಿದೆ.
ಅದಕ್ಕೇ ಅರವತ್ತೆಂಟು ಕ್ರೆಡಿಟ್ಟು,
ಗೊತ್ತಿದ್ದದ್ದನ್ನೇ ಇಂಗ್ಲಿಷಿನಲ್ಲಿ ಮತ್ತೆ ಗೊತ್ತುಮಾಡಿಕೊಳ್ಳಲು.
ಮೊದಲ ದಿನ ಟಾರ್ಕ್ ರೆಂಚು ಕೊಟ್ಟೆ. ಬೇಡ ಅಂದ.
ಬರಿ ಸ್ಪ್ಯಾನರಿನಲ್ಲೇ ಬೋಲ್ಟು ಬಿಗಿದು ಕೈ ಒರೆಸಿಕೊಂಡ.
ಮೇಷ್ಟ್ರು ಅದರ ಮೇಲೆ ರೆಂಚು ಕೂರಿಸಿ
ಕೂದಲೆಳೆಯಷ್ಟು ತಿರುಗಿಸಿದರೋ ಇಲ್ಲವೋ
ಟಿಕ್.
ಅಷ್ಟು ದೊಡ್ಡ ಶೆಡ್ಡಿನಲ್ಲಿ ಯಾರೂ ಉಸಿರೆತ್ತಲಿಲ್ಲ.
ಉಳಿದ ಏಳು ಬೋಲ್ಟಿಗೆ ಅವನೇ ಬಂದು,
ಬಿಲ್ಲೆ ಇಟ್ಟು, ರೆಂಚು ಕೇಳಿ ಪಡೆದ.

ಇಪ್ಪತ್ತೆರಡು, ಕೋಲ್ಟನ್ ರುಜಿಚ್ಕಾ. ಮೀಸೆ ಈಗಷ್ಟೇ.
ಗೇರುಗಳ ಅನುಪಾತ ನಿದ್ದೆಯಲ್ಲೂ ಹೇಳುತ್ತಾನೆ;
ಅದಕ್ಕೇ ಎಕ್ಸ್ ಎಂದು ಹೆಸರಿಟ್ಟರೆ ಬೆವರುತ್ತಾನೆ.
ಡಿಗ್ರಿಗೆ ಬೀಜಗಣಿತ ಬೇಕು, ಪ್ರಬಂಧವೂ ಬೇಕು.
'ನಾನು ಕಳೆದುಕೊಂಡ ಒಂದು ವಸ್ತು' ಬರೆಯಿರಿ ಅಂದರೆ
ಹತ್ತು ಎಂಎಂ ಸಾಕೆಟ್ಟಿನ ಮೇಲೆ ಮೂರು ಪುಟ ಬರೆದ.
ಕಿಟಕಿಯಲ್ಲಿ ತೂರಿಸಿದ, ಓದಿ ನೋಡು ಅಂತ.
ಮೊದಲ ಪುಟಕ್ಕೆ ನಕ್ಕೆ. ಯಾರು ಕಳೆದುಕೊಂಡಿಲ್ಲ ಅದನ್ನು!
ಎರಡನೆಯದರಲ್ಲಿ ಅದು ಅಣ್ಣನದು ಎಂದಿತ್ತು.
ಮೂರನೆಯದರಲ್ಲಿ ಅಣ್ಣ ಇರಲಿಲ್ಲ.
ಅಂಚಿನಲ್ಲಿ ಗ್ರೀಸಿನ ಹೆಬ್ಬೆಟ್ಟು, ರುಜುವಿನ ಹಾಗೆ.

ನಾನೂ ಒಂದು ಕಾಲಕ್ಕೆ ಆಚೆ ಬದಿಯಲ್ಲಿದ್ದವನೇ, ನಂಬರು ನಾಲ್ಕು.
ಇಂಜಿನ್ನು, ಬ್ರೇಕು, ಹೈಡ್ರಾಲಿಕ್ಸು, ಎಲ್ಲ ಪಾಸು.
ಉಳಿದದ್ದು ಭಾಷಣ ಎಂಬ ಒಂದು ವಿಷಯ:
ಇಪ್ಪತ್ತು ಜನರೆದುರು ಎದ್ದು ನಿಂತು ಐದು ನಿಮಿಷ.
ಆಗಲಿಲ್ಲ.
ಜಾಲರಿಯ ಹಿಂದೆ ಒಂದು ಕೆಲಸ ಖಾಲಿ ಇತ್ತು.

ಮೇ ತಿಂಗಳು. ಬಿಲ್ಲೆಗಳು ಹಿಂದಿರುಗುವ ವಾರ.
ವರ್ನಾಳ ಬಿಲ್ಲೆ ಜೇಬಿನ ಬಿಸಿಗೆ ಬೆಚ್ಚಗಿತ್ತು.
ಬಸ್ಸು ಹೇಗಿದೆ? ಕೇಳಿದೆ.
ಮಾತಾಡದೆ ಹೆಬ್ಬೆರಳೆತ್ತಿ ತೋರಿಸಿದಳು,
ಉಗುರು ಹೆಪ್ಪುಗಟ್ಟಿದ ರಕ್ತದಿಂದ ಕಪ್ಪಗೆ.
ಯೋಹಾನ್ನೆಸ್ ಲಿಂಕನ್ನಿನಲ್ಲಿ ಸಂದರ್ಶನಕ್ಕೆ ಹೋಗಿದ್ದ.
ಕೋಲ್ಟನ್ನಿಗೆ ಬೀಜಗಣಿತ ಮತ್ತೊಂದು ಬೇಸಿಗೆ ಹಿಡಿಯುತ್ತದೆ;
ಇಪ್ಪತ್ತೆರಡರ ಕೊಕ್ಕೆ ಯಾರಿಗೂ ಕೊಟ್ಟಿಲ್ಲ.

ಹತ್ತು ಗಂಟೆಗೆ ಜಾಲರಿ ಇಳಿಸುತ್ತೇನೆ.
ದೀಪ ಆರಿಸುವ ಮೊದಲು, ಈಗೀಗ,
ಶೆಡ್ಡಿನ ನೆಲದ ಚರಂಡಿ ಕಂಬಿಗಳ ಮೇಲೆ ಬಗ್ಗಿ
ಒಂದಷ್ಟು ಹೊತ್ತು ಟಾರ್ಚು ಬಿಡುತ್ತೇನೆ.